ಅಕ್ಷತೆ ತಿಂದ ಇಂಜಿನ್ನು

ಆ ಕಾರು ಪೂಜೆಯಿಂದ ಸ್ಟಾರ್ಟ್ ಆಯಿತು ಎಂದು ನಂಬಿದವರು ನಮ್ಮೂರಿನಲ್ಲಿ ಇನ್ನೂ ಇದ್ದಾರೆ. ಮದುವೆ ಮನೆಯಲ್ಲಿ ಸಿಕ್ಕಿದರೆ ಎಲೆ ಮುಂದೆ ಕೂತು, ಸಾರು ಬಡಿಸಿಕೊಳ್ಳುತ್ತ, ನನ್ನ ಎದುರಿಗೇ ಅದನ್ನು ಹೇಳುತ್ತಾರೆ. ವಯಸ್ಸಾದ ಮೇಲೆ ಕೋಪ ಇಳಿಯುತ್ತದೆ ಅನ್ನುವುದು ನನ್ನ ವಿಷಯದಲ್ಲಂತೂ ಸುಳ್ಳು. ಈಗಲೂ ಮೈ ಉರಿಯುತ್ತದೆ. ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕಟ್ಟೆಮಳಲವಾಡಿಯ ಆಚೆಗಿನ ಹಳ್ಳಿ. ಒಂದಿಷ್ಟು ಗದ್ದೆ, ಉಳಿದದ್ದು ಹೊಗೆಸೊಪ್ಪಿನ ಹೊಲ. ಎಪ್ಪತ್ತರ ದಶಕದ ನಡುವೆ ಪೆಟ್ರೋಲಿನ ಬೆಲೆ ಏರಿದಾಗ ಕೊಡಗಿನ ಕಾಫಿ ತೋಟದವರು ತಮ್ಮ ದೊಡ್ಡ ದೊಡ್ಡ ಕಾರುಗಳನ್ನು ಕೇಳಿದವರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಎತ್ತು ನೋಡಿಕೊಂಡು ಬರುತ್ತೇನೆ ಎಂದು ಕೊಡಗಿನ ಗಡಿಯ ಕೊಪ್ಪದ ಕಡೆ ಹೋದ ಅಪ್ಪ, ಎತ್ತು ಬಿಟ್ಟು ಹಳೆಯದೊಂದು ಅಮೆರಿಕದ ಕಾರು ಕೊಂಡು, ಲಾರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದ. ಅವ್ವ ಅವತ್ತು ರಾತ್ರಿ ಅಪ್ಪನಿಗೆ ಮುದ್ದೆ ಇಟ್ಟಳೇ ಹೊರತು ಮಾತಾಡಿಸಲಿಲ್ಲ.

ಅದರ ಬಾನೆಟ್ಟಿನ ಮೇಲೆ ರಾಗಿ ಒಣಗಿಸಬಹುದಿತ್ತು, ಅಷ್ಟು ಅಗಲ. ಕೆಳಗೆ ಎಂಟು ಸಿಲಿಂಡರಿನ ಇಂಜಿನ್ನು, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಹೊಸದರಲ್ಲಿ ಮಡಿಕೇರಿಯ ಏರನ್ನು ಗೇರ್ ಇಳಿಸದೆ ಹತ್ತುತ್ತಿತ್ತಂತೆ. ನಮ್ಮ ಮನೆಗೆ ಬರುವ ಹೊತ್ತಿಗೆ ಅದರ ದಮ್ಮು ಪೂರಾ ಹೋಗಿತ್ತು. ಹೇಗೋ ತಳ್ಳಿ ಸ್ಟಾರ್ಟ್ ಮಾಡಿದರೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಿಂತ ಹೆಚ್ಚು ಹೊಗೆ ಬಿಟ್ಟು, ಅಂಗಳದಿಂದ ಬೀದಿಗೆ ಏರಲಾರದೆ ನಿಂತುಬಿಡುತ್ತಿತ್ತು.

ನಾನು ಹುಣಸೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷದಿಂದ ಮನೆಯಲ್ಲಿದ್ದೆ. ನಮ್ಮ ಗದ್ದೆಯ ಪಂಪ್‌ಸೆಟ್ಟಿನ ಡೀಸೆಲ್ ಇಂಜಿನ್ನು ಕೆಟ್ಟಾಗ ಪೇಟೆಯಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ ಪೈರು ಬಾಡುತ್ತಿತ್ತು. ಹೀಗಾಗಿ ಅದನ್ನು ಬಿಚ್ಚಿ ಕಟ್ಟುವುದನ್ನು ನಾನೇ ಕಲಿತಿದ್ದೆ. ಗದ್ದೆಗೆ ನೀರು ಬರುವ ತನಕ ಅದು ಯಾರಿಗೂ ತಪ್ಪಾಗಿ ಕಾಣಲಿಲ್ಲ. ಪಂಪ್‌ಸೆಟ್ಟು ರಿಪೇರಿ ಮಾಡಿದರೆ ಜಾಣೆ, ಕಾರಿಗೆ ಕೈ ಹಾಕಿದರೆ ಗಂಡುಬೀರಿ. ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಚಿಕ್ಕಪ್ಪ ನಮ್ಮ ಮನೆಯ ಇನ್ನೊಂದು ಭಾಗದಲ್ಲೇ ಇದ್ದ. ಕೆ.ಆರ್. ನಗರದ ಕಡೆ ಅವನದೊಂದು ಆಲೆಮನೆ. ಕಾರು ಬಂದ ದಿನದಿಂದ ಅವನ ಕಣ್ಣೆಲ್ಲ ಇಂಜಿನ್ನಿನ ಮೇಲೆ. ಅದನ್ನು ಕಿತ್ತು ಕಬ್ಬಿನ ಗಾಣಕ್ಕೆ ಕೂರಿಸಿ ಸೀಮೆಎಣ್ಣೆಯಲ್ಲಿ ಓಡಿಸುತ್ತಾನಂತೆ. ಬೆಟ್ಟ ಹತ್ತುವ ಇಂಜಿನ್ನನ್ನು ತಂದು ಕಬ್ಬು ಹಿಂಡುವುದಕ್ಕೆ ಕಟ್ಟುವ ಯೋಚನೆ ಯಾರ ತಲೆಗಾದರೂ ಹೊಳೆದೀತೆ? ಅವನ ತಲೆಗೆ ಹೊಳೆದಿತ್ತು. ಅಪ್ಪ ತಮ್ಮನಿಗೆ ಇಲ್ಲ ಅಂದವನೇ ಅಲ್ಲ. ಆಗಲಿ ನೋಡೋಣ ಅನ್ನುತ್ತಿದ್ದ.

ನಾನು ಕೊಟ್ಟಿಗೆಯ ಬಾಗಿಲಲ್ಲಿ ಅಡ್ಡ ನಿಂತು ಕೇಳಿದೆ. "ಅಪ್ಪ, ಇದ್ನ ನಾನು ಮಾಡ್ತೀನಿ. ಓಡಿದ್ರೆ ಏನ್ ಕೊಡ್ತೀಯ?"

ಅಪ್ಪ ನಕ್ಕ. "ದಸರಾ ಒತ್ಗೆ ಓಡುದ್ರೆ ಮೈಸೂರ್ಗೆ ಕರ್ಕೊಂಡೋಗಿ ಲೈಸೆನ್ಸ್ ಮಾಡಿಸ್ತೀನಿ. ಸ್ಟೇರಿಂಗ್ ನಿನ್ ಕೈಗೇ. ಓಡ್ನಿಲ್ವಾ, ಇಂಜನ್ನು ನಿಮ್ ಚಿಕ್ಕಪ್ಪಂಗೆ. ಆಯ್ತಾ?"

ಆಯಿತು ಅಂದೆ. ಹೊಲಕ್ಕೆ ಬಾಡಿಗೆಗೆ ಬರುತ್ತಿದ್ದ ಟ್ರ್ಯಾಕ್ಟರ್ ಓಡಿಸಿದ್ದೆ, ಡ್ರೈವಿಂಗ್ ನನಗೆ ಹೊಸದಲ್ಲ. ಆದರೆ ರಸ್ತೆಯಲ್ಲಿ, ನನ್ನ ಕೈಯಿಂದಲೇ ಜೀವ ತುಂಬಿಕೊಂಡ ಇಂಜಿನ್ನಿನ ಹಿಂದೆ ಕೂತು, ಹುಣಸೂರಿನ ಪೇಟೆಯ ಮಧ್ಯೆ ಹೋಗಬೇಕು. ನನಗೆ ಬೇಕಾಗಿದ್ದು ಅಷ್ಟೆ. ಒಡವೆ ಕೇಳಿರಲಿಲ್ಲ, ಸೀರೆ ಕೇಳಿರಲಿಲ್ಲ.

ಗಾಡಿ ಕೊಟ್ಟಿಗೆಯಲ್ಲಿ ಎತ್ತಿನ ಗಾಡಿಯನ್ನು ಆಚೆ ನಿಲ್ಲಿಸಿ ಕಾರನ್ನು ಒಳಗೆ ತಳ್ಳಿದೆವು. ಬಾವಿಯ ರಾಟೆಯನ್ನು ಬಿಚ್ಚಿ ತಂದು ತೊಲೆಗೆ ಕಟ್ಟಿ, ಹೊಗೆಸೊಪ್ಪಿನ ಕೆಲಸಕ್ಕೆ ಬರುತ್ತಿದ್ದ ಕಾಡಂಚಿನ ಹಾಡಿಯ ಗಂಡಸರ ಕೈಲಿ ಹಗ್ಗ ಎಳೆಸಿ ಇಂಜಿನ್ನನ್ನು ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದೆ. ಬಾವಿಗೆ ರಾಟೆ ಇಲ್ಲದೆ ಕೈಯಲ್ಲೇ ನೀರು ಸೇದಬೇಕಾಗಿ ಬಂದದ್ದಕ್ಕೆ ಅವ್ವ ನನಗೆ ಬೈದದ್ದು ಬೇರೆ. ಪಿಸ್ಟನ್ನಿನ ರಿಂಗುಗಳೆಲ್ಲ ಸವೆದಿದ್ದವು, ಹೊಸವು ಹಾಕಿದೆ. ಇಂಜಿನ್ನಿನ ಮೇಲೆ ಕೂರುವ ಎರಡು ಹೆಡ್ಡುಗಳನ್ನು ಅಪ್ಪ ಗೋಣಿಚೀಲದಲ್ಲಿ ಕಟ್ಟಿ ಮೈಸೂರಿಗೆ ಒಯ್ದು ಲೇತಿನಲ್ಲಿ ಚೂರು ಹೆರೆಸಿ ತಂದ. ಹಾಗೆ ಹೆರೆಸಿದರೆ ಒಳಗಿನ ಜಾಗ ಕಿರಿದಾಗಿ ಒತ್ತಡ ಹೆಚ್ಚುತ್ತದೆ, ಇಂಜಿನ್ನಿಗೆ ಮೊದಲಿಗಿಂತ ಜಾಸ್ತಿ ಕಸುವು ಬರುತ್ತದೆ. ಮೈಸೂರಿನ ಗುಜರಿಯಿಂದ ಹಳೆಯ ಮಿಲಿಟರಿ ಲಾರಿಯೊಂದರ ದೊಡ್ಡ ಕಾರ್ಬೊರೇಟರ್ ತರಿಸಿದೆ. ಆರು ವೋಲ್ಟಿನ ಬ್ಯಾಟರಿ ಬದಲು ಹನ್ನೆರಡು ವೋಲ್ಟಿನದು ಹಾಕಿ, ವೈರುಗಳನ್ನೆಲ್ಲ ಬದಲಾಯಿಸಿದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ವಾಲ್ವುಗಳು. ಸಿಲಿಂಡರಿಗೆ ಪೆಟ್ರೋಲು ಬರುವ ದಾರಿಯನ್ನೂ ಹೊಗೆ ಹೋಗುವ ದಾರಿಯನ್ನೂ ಮುಚ್ಚಿ ತೆಗೆಯುವ ಪುಟ್ಟ ಬಾಗಿಲುಗಳು ಅವು. ಒಂದೊಂದನ್ನೂ ಅದರ ಕುಳಿಯಲ್ಲಿ ಕೂರಿಸಿ, ಉಜ್ಜುವ ಪೇಸ್ಟು ಹಚ್ಚಿ, ಕೋಲು ಅಂಟಿಸಿ, ಮಜ್ಜಿಗೆ ಕಡೆದ ಹಾಗೆ ಎರಡು ಅಂಗೈಗಳ ನಡುವೆ ತಿರುಗಿಸುತ್ತಲೇ ಇರಬೇಕು. ಕುಳಿಯ ಸುತ್ತ ಬೂದು ಬಣ್ಣದ ಉಂಗುರ ಒಂದೇ ಸಮ ಮೂಡಿದರೆ ಗಾಳಿ ಕೂಡ ಸೋರುವುದಿಲ್ಲ. ನನ್ನ ಅಂಗೈಗಳಲ್ಲಿ ಬೊಬ್ಬೆ ಬಂದು, ಒಡೆದು, ಮತ್ತೆ ಬೊಬ್ಬೆ ಬಂದವು. ದಾರಿಯಲ್ಲಿ ಹೋಗುವವರು ಕೊಟ್ಟಿಗೆಗೆ ಇಣುಕಿ, "ಏನವ್ವ, ನಿಮ್ಮಪ್ಪಂಗೆ ಕೈ ಆಸರೆಯಾ?" ಎಂದು ಕೇಳುತ್ತಿದ್ದರು. ಅಪ್ಪ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿರುತ್ತಿದ್ದ. ಆದರೂ ಕೆಲಸ ಅಪ್ಪನದು, ಆಸರೆ ನನ್ನದು.

ನವರಾತ್ರಿಯ ಹೊತ್ತಿಗೆ ಇಂಜಿನ್ನು ಮತ್ತೆ ಕಾರಿನೊಳಗೆ ಕೂತಿತ್ತು. ಕಾರ್ಬೊರೇಟರ್ ಒಂದು ಕೂರಿಸುವುದು ಬಾಕಿ. ಅದು ಕೂರಬೇಕಾದ ಜಾಗದಲ್ಲಿ ಇಂಜಿನ್ನಿನ ನೆತ್ತಿಯ ಮೇಲೆ ಅಂಗೈಯಗಲದ ತೂತು. ಅದರೊಳಗೆ ಬಿದ್ದದ್ದು ನೇರ ವಾಲ್ವುಗಳಿಗೆ ಹೋಗುತ್ತದೆ. ಧೂಳು ಬೀಳಬಾರದೆಂದು ಶುಭ್ರವಾದ ಬಟ್ಟೆಯ ಉಂಡೆಯನ್ನು ತುರುಕಿದ್ದೆ.

ಆಯುಧಪೂಜೆಯ ಹಿಂದಿನ ದಿನ ನಾನು ಹೊರಗಾದೆ.

ಆಗಿನ ನಮ್ಮ ಮನೆಯಲ್ಲಿ ಹೊರಗಾದರೆ ಮೂರು ದಿನ ಹಿತ್ತಲ ಜಗಲಿ. ಬೇರೆ ತಟ್ಟೆ, ಬೇರೆ ಚೊಂಬು, ಒಂದು ಕಂಬಳಿ. ಏನನ್ನೂ ಮುಟ್ಟುವಂತಿಲ್ಲ. ಅದರಲ್ಲೂ ಪೂಜೆಗೆ ಇಡುವ ಸ್ಪ್ಯಾನರು, ಸುತ್ತಿಗೆಗಳ ಹತ್ತಿರವಂತೂ ಸುಳಿಯುವಂತಿಲ್ಲ. ತಿಂಗಳುಗಟ್ಟಲೆ ನನ್ನ ಕೈಯಲ್ಲೇ ಇದ್ದ ಸಾಮಾನುಗಳು ಒಂದು ಬೆಳಗಿಗೆ ನನ್ನಿಂದ ಮೈಲಿಗೆಯಾಗುವಂಥವಾದವು. ಆ ತಿಂಗಳುಗಳಲ್ಲೂ ನಾನು ಹೊರಗಾಗಿದ್ದೆನಲ್ಲ, ಆಗ ಅವ್ವ ಕಂಡೂ ಕಾಣದ ಹಾಗೆ ಇದ್ದಳು, ಕೆಲಸ ನಡೆದಿತ್ತು. ಹಬ್ಬ ಬಂದ ತಕ್ಷಣ ಶಾಸ್ತ್ರ ನೆನಪಾಯಿತು. "ಪೂಜೆ ದಿನ ಕಣವ್ವ, ಸುಮ್ಕೆ ಕೂತ್ಕೊ" ಅಂದಳು ಅವ್ವ.

ಹಿತ್ತಲ ಜಗಲಿಯಿಂದ ಕೊಟ್ಟಿಗೆ ಕಾಣುತ್ತಿತ್ತು. ಪೂಜೆ ಮಾಡುವವನು ಚಿಕ್ಕಪ್ಪ. ಮಿಂದು, ವಿಭೂತಿ ಬಳಿದುಕೊಂಡು, ಬಾಳೆಕಂದು ಕಟ್ಟಿ, ಬಾನೆಟ್ಟು ಎತ್ತಿದ. ನನ್ನ ಸ್ಪ್ಯಾನರುಗಳನ್ನು ಸಾಲಾಗಿ ಇಟ್ಟು ಕುಂಕುಮ ಹಚ್ಚಿದ. ಆಮೇಲೆ ಇಂಜಿನ್ನಿನ ಕಡೆ ತಿರುಗಿ ಬಟ್ಟೆಯ ಉಂಡೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದ.

"ಚಿಕ್ಕಪ್ಪ, ಅದ್ನ ತೆಗೀಬೇಡ. ಒಳಕ್ಕೆ ಏನೂ ಬೀಳ್ಬಾರ್ದು" ಎಂದು ಕೂಗಿದೆ.

ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪನಿಗೆ ಹೇಳಿದ, "ಚಿಂದಿ ಬಟ್ಟೆ ಮಡಿಕ್ಕೊಂಡು ಯಾರಾರ ಪೂಜೆ ಮಾಡ್ತಾರಾ ಅಣ್ಣ? ಅವ್ಳು ಒರಗೆ ಕೂತಿರೋಳು, ಬಾಯಿ ಮುಚ್ಕೊಂಡಿರಕ್ಕೇಳು."

ಅಪ್ಪ ನನಗೆ ಕೈಸನ್ನೆ ಮಾಡಿದ, ಸುಮ್ಮನಿರು ಎಂದು. ಅವ್ವ ಒಂದು ಸಲ, "ಮಗು ಬ್ಯಾಡ ಅಂತದೆ" ಎಂದು ಮೆಲ್ಲಗೆ ಅಂದಳು. ಅಷ್ಟೇ ಅವಳ ಧೈರ್ಯ. ಚಿಕ್ಕಪ್ಪ ಮಂತ್ರ ಅನ್ನುವ ಹಾಗೆ ಏನೋ ಗುಣುಗುತ್ತ ಅಕ್ಷತೆಯನ್ನು ಮುಷ್ಟಿಯಲ್ಲಿ ತೆಗೆದುಕೊಂಡು, ಇಂಜಿನ್ನಿನ ಮೇಲೆ ಎಲ್ಲೂ ಜಾಗವಿಲ್ಲದವನಂತೆ ಸರಿಯಾಗಿ ಆ ತೂತಿನ ಮೇಲೆ ಹಾಕಿದ. ಹಿಂದೆಯೇ ಕುಂಕುಮ. ಮತ್ತೆ ಅಕ್ಷತೆ. ಮನೆಯ ಒಬ್ಬೊಬ್ಬರನ್ನೂ ಕರೆದು ಹಾಕಿಸಿದ. ಎಲ್ಲರೂ ಭಕ್ತಿಯಿಂದ ಹಾಕಿದರು. ನನ್ನ ಅಂಗೈ ಚರ್ಮ ಸುಲಿದು ಉಂಗುರ ಮೂಡಿಸಿದ್ದ ವಾಲ್ವುಗಳ ಮೇಲೆ ಅರಿಸಿನದ ಅಕ್ಕಿ ಉದುರುವುದನ್ನು ನಾನು ಕಂಬಳಿಯ ಮೇಲೆ ಕೂತು ನೋಡಿದೆ. ಎದ್ದು ಹೋಗಿ ಕೈ ಹಿಡಿದು ತಡೆಯಬಹುದಿತ್ತಲ್ಲ ಎಂದು ಈಗಿನ ಹುಡುಗಿಯರು ಕೇಳುತ್ತಾರೆ. ಆ ಕಾಲದಲ್ಲಿ ಹಾಗೆ ಮಾಡಿದ್ದರೆ ಕಾರನ್ನು ಆ ದಿನವೇ ಮನೆಯಿಂದ ಆಚೆ ಹಾಕುತ್ತಿದ್ದರು, ನನ್ನನ್ನೂ ಸೇರಿಸಿ. ಮಧ್ಯಾಹ್ನ ಅವ್ವ ನನ್ನ ತಟ್ಟೆಗೆ ಕಡಲೆಪುರಿ ಸುರಿದು ಹೋದಳು. ಅದನ್ನು ಕಾಗೆಗೆ ಹಾಕಿದೆ.

ಮರುದಿನ ವಿಜಯದಶಮಿ. ಪೂಜೆಗಿಟ್ಟ ಆಯುಧಗಳನ್ನು ಅವತ್ತೇ ತೆಗೆಯುವುದು. ಪೂಜೆಯಾದ ಗಾಡಿ ಚಕ್ರದಡಿ ಇಟ್ಟ ನಿಂಬೆಹಣ್ಣನ್ನು ತುಳಿದು ಮುಂದಕ್ಕೆ ಹೋಗಬೇಕು. ಚಿಕ್ಕಪ್ಪ ತಾನೇ ಕಾರ್ಬೊರೇಟರ್ ಕೂರಿಸಿ ನಟ್ಟು ಬಿಗಿದ. ಅಪ್ಪ ಕೀ ತಿರುಗಿಸಿದ. ಇಂಜಿನ್ನು ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದಾಗ ಕಾರ್ಬೊರೇಟರಿನ ಬಾಯಿಂದ ಬೆಂಕಿ ಉಗಿದು ಚಿಕ್ಕಪ್ಪನ ಹುಬ್ಬು ಸುಟ್ಟಿತು. ನನಗೆ ಖುಷಿಯಾಯಿತು, ಅದನ್ನೇಕೆ ಮುಚ್ಚಿಡಲಿ. ಆಮೇಲೆ ಎಷ್ಟು ತಿರುಗಿಸಿದರೂ ಉಸಿರಿಲ್ಲ. ನಿಂಬೆಹಣ್ಣುಗಳು ಇಟ್ಟ ಹಾಗೇ ಇದ್ದವು.

ಅಂಗಳದ ತುಂಬ ನೆರೆದಿದ್ದ ಜನರ ಮುಂದೆ ಚಿಕ್ಕಪ್ಪ ಹೇಳಿದ. "ಇನ್ನೇನಾಯ್ತದೆ? ಒರಗೆ ಕೂತಿರೋಳು ಅಲ್ಲಿಂದ್ಲೇ ಕಣ್ಣು ಮಡಗಿದ್ಲು, ಪೂಜೆ ಒತ್ನಲ್ಲಿ ಬಾಯ್ ಮಾಡುದ್ಲು. ಮೈಲ್ಗೆ ತಾಗ್ತು. ಅಣ್ಣ, ಮಾತು ಮಾತೇ. ಇಂಜನ್ನು ನಂದು."

ಅಪ್ಪ ಹೂಂ ಅಂದುಬಿಟ್ಟ. ಅಕ್ಕಿ ಹಾಕಿದವನು ಅವನು, ಮೈಲಿಗೆ ನನ್ನದು. ಅವತ್ತು ನನಗೆ ಅಳು ಬರಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ಚಿಕ್ಕಪ್ಪ ಸಂಜೆ ಬಸ್ಸಿಗೇ ಕೆ.ಆರ್. ನಗರಕ್ಕೆ ಹೊರಟ, ಇಂಜಿನ್ನು ಒಯ್ಯಲು ಲಾರಿಯನ್ನೂ ಆಳುಗಳನ್ನೂ ಕರೆತರುವುದಕ್ಕೆ.

ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ನೇರ ಕೊಟ್ಟಿಗೆಗೆ ಹೋದೆ. ಒದ್ದೆ ಕೂದಲಿನಲ್ಲೇ ಬಿಚ್ಚಲು ಶುರುಮಾಡಿದೆ. ಲಾರಿ ಬರುವ ತನಕ ಇಂಜಿನ್ನು ಇಲ್ಲೇ ಇರುತ್ತದಲ್ಲ, ಅಷ್ಟು ಹೊತ್ತು ನನ್ನದು ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಬೇಡವೆನ್ನಲಿಲ್ಲ. ಹೆಡ್ಡುಗಳು ಕೈಗೆ ಬಂದಾಗ ನೋಡಿದರೆ, ವಾಲ್ವುಗಳ ಅಂಚಿಗೆ ಅರಿಸಿನದ ಅಕ್ಕಿ ಸಿಕ್ಕಿಕೊಂಡು, ಪೆಟ್ರೋಲು ಬರುವ ಕಡೆಯದು ಒಂದೂ ಸರಿಯಾಗಿ ಮುಚ್ಚಿರಲಿಲ್ಲ. ಕೆಲವು ಕಾಳು ಜಜ್ಜಿ ಹಿಟ್ಟಾಗಿ ಕುಂಕುಮದ ಜೊತೆ ಸೇರಿ ಮೆತ್ತಿಕೊಂಡಿದ್ದವು. ಬಾಗಿಲಿಗೆ ಕಲ್ಲು ಕೊಟ್ಟ ಹಾಗೆ. ಬಾಗಿಲೇ ಮುಚ್ಚದಿದ್ದರೆ ಒಳಗೆ ಒತ್ತಡ ಎಲ್ಲಿಂದ ಬರಬೇಕು?

ಅಕ್ಕಿಯನ್ನು ಹೆಕ್ಕಿ ಅಡಿಕೆ ತಟ್ಟೆಯಲ್ಲಿ ಹಾಕಿ ಅಪ್ಪನ ಮುಂದೆ ಹಿಡಿದೆ. ಅವ್ವ ಬಂದು ಇಣುಕಿ ನೋಡಿ, "ನಾನೇ ಕಲಸಿದ್ದ ಅಕ್ಷತೆ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಒಂದು ಕಾಳನ್ನು ಬೆರಳಲ್ಲಿ ಎತ್ತಿ ನೋಡಿದ. ಈಗಲಾದರೂ ನ್ಯಾಯದ ಮಾತು ಬರುತ್ತದೆ ಎಂದು ನಾನು ಕಾದೆ.

"ಇದ್ನ ಯಾರ್ಗೂ ಏಳ್ಬ್ಯಾಡ ಕಣವ್ವ" ಅಂದ. "ನಿಮ್ ಚಿಕ್ಕಪ್ಪ ನೊಂದ್ಕೊತಾನೆ."

ಅವನು ನೊಂದುಕೊಳ್ಳುತ್ತಾನಂತೆ. ಊರೆದುರು ನನಗೆ ಮೈಲಿಗೆ ಅಂದಾಗ ನನಗೆ ನೋವಾಯಿತೇ ಎಂದು ಕೇಳಲು ಆ ಮನೆಯಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಚಿಕ್ಕಪ್ಪನ ಮರ್ಯಾದೆ ಕಾಯುವ ಆ ಮಾತಿಗಿಂತಲೂ ನನ್ನನ್ನು ಸುಟ್ಟದ್ದು ಅಪ್ಪನ ಆ ಮೆದು ದನಿ. ಬೈದು ಹೇಳಿದ್ದರೆ ತಿರುಗಿ ಬೈಯಬಹುದಿತ್ತು.

ವಾಲ್ವುಗಳನ್ನು ತೊಳೆದು ಮತ್ತೆ ಮೊದಲಿನಿಂದ ಪೇಸ್ಟು ಹಚ್ಚಿ ತಿರುಗಿಸಿದೆ. ಹಬ್ಬದ ದಿನಗಳಲ್ಲಿ ಲಾರಿ ಸಿಗದೆ ಚಿಕ್ಕಪ್ಪ ಬರುವುದು ವಾರ ತಡವಾಯಿತು, ಅಷ್ಟೂ ದಿನ ಊಟ ಕೊಟ್ಟಿಗೆಗೇ ತರಿಸಿಕೊಂಡೆ. ಚಿಕ್ಕಪ್ಪನ ಲಾರಿ, ಹಗ್ಗ, ಹಾರೆ, ಆಳುಗಳ ಸಮೇತ ಬೀದಿಯ ತಿರುವಿನಲ್ಲಿ ಕಾಣುವ ಹೊತ್ತಿಗೆ ನಾನು ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹಿಡಿಯಿತು. ಎಂಟು ಸಿಲಿಂಡರು ಸೇರಿ ಒಂದೇ ಗಂಟಲಲ್ಲಿ ಗುಡುಗಿದಾಗ ಕೊಟ್ಟಿಗೆಯ ಹೆಂಚಿನಿಂದ ಧೂಳು ಉದುರಿತು, ಹಸುಗಳು ಕಣ್ಣಿ ಎಳೆದವು. ಹೊಗೆ ಇಲ್ಲ.

ಚಿಕ್ಕಪ್ಪ ಲಾರಿಯಿಂದ ಇಳಿದ. ಆಮೇಲೆ ಚಪ್ಪಲಿ ಬಿಟ್ಟು ಕಾರಿಗೆ ಕೈ ಮುಗಿದ. "ನೋಡ್ದಾ ಅಣ್ಣ? ಮೈಲ್ಗೆ ಕಳೀತು, ದೇವಿ ಒಪ್ಕೊಂಡ್ಲು. ಮಾಡಿದ್ ಪೂಜೆ ಎಲ್ಲೋಯ್ತದೆ?"

ಸುತ್ತ ಸೇರಿದ್ದವರು ಹೌದು ಹೌದು ಅಂದರು. ಓಡುವ ಕಾರಿನ ಇಂಜಿನ್ನು ಕೀಳುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ಲಾರಿ ಖಾಲಿ ಹಿಂದಕ್ಕೆ ಹೋಯಿತು. ಎಲ್ಲ ಗೊತ್ತಿದ್ದ ಅಪ್ಪನೂ ಅವರ ಜೊತೆ ತಲೆ ಆಡಿಸಿದ. ಬೆಳಿಗ್ಗೆ ಹುಣಸೂರಿಗೆ ಹೋಗಿ ನಾಲ್ಕು ಜನಕ್ಕೆ ಕಾರು ತೋರಿಸಿ ಬರುವುದು, ಅಪ್ಪ ಓಡಿಸುವುದು, ಪಕ್ಕದಲ್ಲಿ ಚಿಕ್ಕಪ್ಪ ಕೂರುವುದು ಎಂದು ಅಲ್ಲೇ ತೀರ್ಮಾನವಾಯಿತು. ನಾನು ಅಪ್ಪನ ಮುಖ ನೋಡಿದೆ. "ಲೈಸನ್ಸಿಂದು ಮುಂದೆ ನೋಡನ ಬುಡವ್ವ. ನೀನೂ ಬಾ, ಇಂದಿನ್ ಸೀಟು ಖಾಲಿ ಅದೆ" ಅಂದ.

ಹಿಂದಿನ ಸೀಟು! ಎಲ್ಲರೂ ಕಾಫಿಗೆ ಒಳಗೆ ಹೋದಾಗ ನಾನು ಬಾನೆಟ್ಟು ಎತ್ತಿದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಹೆಬ್ಬೆರಳಷ್ಟು ದೊಡ್ಡದಾದ ರೋಟರ್ ಅನ್ನುವ ಒಂದು ತುಂಡು ಇರುತ್ತದೆ. ಎಲ್ಲ ಪ್ಲಗ್ಗುಗಳಿಗೂ ಕಿಡಿ ಹಂಚುವುದು ಅದೇ. ಅದನ್ನು ಎಳೆದು ತೆಗೆದು, ಸೆರಗಿನ ತುದಿಗೆ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮುಚ್ಚಳ ಮೊದಲಿನಂತೆ ಹಾಕಿದೆ.

ಬೆಳಿಗ್ಗೆ ಊರೇ ಬಂದಿತ್ತು. ಕಾರಿಗೆ ಚೆಂಡುಹೂವಿನ ಹಾರ. ಅಪ್ಪ ಪಂಚೆ ಕೊಡವಿ ಕೂತ, ಚಿಕ್ಕಪ್ಪ ಪಕ್ಕದಲ್ಲಿ ಮೊಣಕೈ ಆಚೆ ಚಾಚಿ ಕೂತ. ಕೀ ತಿರುಗಿಸಿದರೆ ಇಂಜಿನ್ನು ಬರಿದೇ ತಿರುಗಿತು, ಹಿಡಿಯಲಿಲ್ಲ. ಮತ್ತೆ ಮತ್ತೆ ತಿರುಗಿಸಿದರು. ಚಿಕ್ಕಪ್ಪ ಇಳಿದು ಬಾನೆಟ್ಟು ಎತ್ತಿ, ಕಂಡ ವೈರನ್ನೆಲ್ಲ ಒತ್ತಿ ನೋಡಿ ಬೆವರಿದ. ಕೊನೆಗೆ ನನ್ನನ್ನೇ ಕೇಳಿದ, "ಏನಾಯ್ತವ್ವ ಇದ್ಕೆ?"

"ನಂಗೇನ್ ಗೊತ್ತು ಚಿಕ್ಕಪ್ಪ" ಅಂದೆ. "ಪೂಜೆಯಿಂದ ತಾನೇ ಸ್ಟಾರ್ಟ್ ಆಗಿದ್ದು, ಇನ್ನೊಂದ್ಸಲ ಪೂಜೆ ಮಾಡು."

ಅವನು ಮಾಡಿದ. ಆಣೆಗೂ ಮಾಡಿದ. ತೆಂಗಿನಕಾಯಿ ತರಿಸಿ ಒಡೆದ, ಕರ್ಪೂರ ಹಚ್ಚಿದ. ಜನ ಕೈ ಮುಗಿದರು. ಅಪ್ಪ ಕೀ ತಿರುಗಿಸಿದ. ಇಂಜಿನ್ನು ಮತ್ತೆ ಬರಿದೇ ತಿರುಗಿತು. ಗುಂಪಿನ ಹಿಂದೆ ಯಾರೋ ಹೆಂಗಸರು ಕಿಸಕ್ಕೆಂದು ನಕ್ಕರು. ಅಪ್ಪ ಕಿಟಕಿಯಿಂದ ತಲೆ ಹಾಕಿ ನನ್ನನ್ನೇ ನೋಡಿದ. ನಾನೂ ನೋಡಿದೆ. ಅವನಿಗೆ ಗೊತ್ತಾಯಿತು. ಸ್ಟೇರಿಂಗಿನ ಹಿಂದಿನಿಂದ ಪಕ್ಕದ ಸೀಟಿಗೆ ಸರಿದು ಕೂತ. ಚಿಕ್ಕಪ್ಪ ಕರ್ಪೂರದ ತಟ್ಟೆ ಹಿಡಿದುಕೊಂಡೇ ಹಿಂದಿನ ಸೀಟಿಗೆ ಹತ್ತಬೇಕಾಯಿತು.

ನಾನು ಎಲ್ಲರೆದುರೇ ಸೆರಗಿನ ಗಂಟು ಬಿಚ್ಚಿ ರೋಟರನ್ನು ಅದರ ಜಾಗಕ್ಕೆ ಹಾಕಿ ಬಂದು ಕೂತೆ. ಒಂದೇ ಸಲಕ್ಕೆ ಗುಡುಗಿತು. ಅಂಗಳದ ಏರನ್ನು ಕಾರು ಒಂದೇ ಉಸಿರಿಗೆ ಹತ್ತಿತು. ಹುಣಸೂರಿನ ರಸ್ತೆ ಹಿಡಿದ ಮೇಲೆ ನಾನು ಕಾಲು ಒತ್ತಿದಷ್ಟೂ ಇಂಜಿನ್ನಿಗೆ ಇನ್ನೂ ಬೇಕೆನಿಸುತ್ತಿತ್ತು. ಹೆರೆದ ಹೆಡ್ಡು, ಮಿಲಿಟರಿ ಕಾರ್ಬೊರೇಟರು, ನನ್ನ ಅಂಗೈ ಚರ್ಮ, ಎಲ್ಲ ಅದರ ದನಿಯಲ್ಲಿ ಕೇಳುತ್ತಿತ್ತು. ಅಪ್ಪ ಒಂದೆರಡು ಸಲ ನನ್ನ ಕೈಯನ್ನೂ ರಸ್ತೆಯನ್ನೂ ನೋಡಿದ. "ಚೆನ್ನಾಗ್ ಮಾಡಿದೀಯ ಕಣವ್ವ" ಅಂದ. ಕಾರಿನೊಳಗೆ ಹೇಳಿದ. ಅಂಗಳದಲ್ಲಿ ಹೇಳಬೇಕಾಗಿದ್ದ ಮಾತು.

ಪೇಟೆ ಇನ್ನೇನು ಬಂತು, ಮೊದಲ ಅಂಗಡಿಗಳು ಕಂಡವು. ಅಪ್ಪ ಪಂಚೆ ಸರಿಮಾಡಿಕೊಂಡು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಮತ್ತೆ ಅದೇ ಮೆದು ದನಿಯಲ್ಲಿ ಹೇಳಿದ.

"ಇಲ್ಲಿ ನಿಲ್ಸವ್ವ. ಇಲ್ಲಿಂದಾಚೆಗೆ ನಾನ್ ತಗೋತೀನಿ. ಪೇಟೇಲಿ ಜನ ನೋಡ್ತಾರೆ."

"ನೋಡ್ಲಿ ಬುಡಪ್ಪ" ಅಂದೆ. ನಾನು ನಿಲ್ಲಿಸಲಿಲ್ಲ.